ಒಂದು ಚೂರು ಕಾಯಿ: ಪ್ಯಾಂಕ್ರಿಯಾಟೈಟಿಸ್ ಆದ ಮೇಲೆ ಬುಗುರಿಯ ಒಂದು ವರ್ಷ

ಬುಗುರಿ ನಮ್ಮ ಮನೆಯ ಡ್ಯಾಶ್‌ಹಂಡ್. ಹೆಣ್ಣು ನಾಯಿ. ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜ್ಜೀರಕ ಗ್ರಂಥಿಯ ಉರಿಯೂತ, ಬಂದು ಕಾಯಿಲೆ ಬಿದ್ದಾಗ ಅವಳಿಗೆ ಎಂಟು ವರ್ಷ, ತೂಕ 11.8 ಕೆಜಿ. ಅವಳ ಮೈಕಟ್ಟಿಗೆ 9 ಕೆಜಿ ಇದ್ದರೆ ಸಾಕಿತ್ತು. ಮೇಲಿಂದ ನೋಡಿದರೆ ಸೊಂಟವೇ ಕಾಣುತ್ತಿರಲಿಲ್ಲ. ಪಕ್ಕೆಲುಬು ಹುಡುಕಲು ಬೆರಳು ಒತ್ತಬೇಕಿತ್ತು. ನಾವು ಅದಕ್ಕೆ 'ಮುದ್ದು ಮುದ್ದಾಗಿದ್ದಾಳೆ' ಎನ್ನುತ್ತಿದ್ದೆವು.

ಮನೆ ಮೈಸೂರಿನಲ್ಲಿ. ಇರುವವರು ಅಪ್ಪ, ಅಮ್ಮ, ನಾನು. ಸಸ್ಯಾಹಾರಿ ಅಡುಗೆಮನೆ. ಬೆಳಗ್ಗೆ ಹತ್ತು ಗಂಟೆಗೆ ತುರಿಮಣೆಯ ಸದ್ದು ಕೇಳದ ದಿನವೇ ಇಲ್ಲ. ಈ ಕೊನೆಯ ವಿವರವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನಾವು ಅದನ್ನು ಗಮನಿಸಲು ನಾಲ್ಕು ತಿಂಗಳು ತೆಗೆದುಕೊಂಡೆವು.

ಯುಗಾದಿಯ ಮರುದಿನ

2023ರ ಮಾರ್ಚ್ 22ರಂದು ಯುಗಾದಿ. ಮನೆ ತುಂಬ ನೆಂಟರು. ಯಾರು ಯಾರು ಬುಗುರಿಗೆ ಎಷ್ಟು ಒಬ್ಬಟ್ಟು ಕೊಟ್ಟರು ಎಂದು ಇವತ್ತಿಗೂ ಗೊತ್ತಿಲ್ಲ. ತುಪ್ಪ ಸವರಿದ ಒಂದಾದರೂ ಪೂರ್ತಿ ಹೋಗಿದೆ. ಪಾಯಸದ ಬಟ್ಟಲು ನೆಕ್ಕುವುದನ್ನು ನಾನೇ ನೋಡಿದ್ದೆ. ಆ ಪಾಯಸಕ್ಕೆ ದ್ರಾಕ್ಷಿ ಹಾಕಿರಲಿಲ್ಲ ಅನ್ನೋದು ನಮ್ಮ ಪುಣ್ಯ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ.

ಮರುದಿನ ಬೆಳಗ್ಗೆ ಹಳದಿ ನೊರೆ ವಾಂತಿ. ಮಧ್ಯಾಹ್ನದೊಳಗೆ ಐದು ಸಲ. ಊಟದ ತಟ್ಟೆ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಒಂದು ವಿಚಿತ್ರ ಭಂಗಿ ಶುರುವಾಯಿತು. ಮುಂಗಾಲು, ಎದೆ ನೆಲಕ್ಕೆ. ಹಿಂಭಾಗ ಮೇಲಕ್ಕೆ. ಅಪ್ಪ ನೋಡಿ, "ಅಡ್ಡಬೀಳ್ತಿದಾಳೆ ನೋಡು" ಎಂದು ನಕ್ಕರು. ಅದು ಹೊಟ್ಟೆನೋವಿನ ಭಂಗಿ ಎಂದು ನಮಗೆ ಆಗ ಗೊತ್ತಿರಲಿಲ್ಲ. ನಾಯಿ ಹೀಗೆ ಮತ್ತೆ ಮತ್ತೆ ಮಾಡುತ್ತಾ ವಾಂತಿಯೂ ಇದ್ದರೆ ಕಾಯುತ್ತಾ ಕೂರಬಾರದು.

ಸಂಜೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. ವಾಂತಿಗೆ ಒಂದು ಇಂಜೆಕ್ಷನ್ ಹಾಕಿ, "ಹಬ್ಬದ ಅಜೀರ್ಣ, ನಾಳೆ ಸರಿಹೋಗುತ್ತೆ" ಎಂದು ಕಳಿಸಿದರು. ಅವರನ್ನು ದೂರಿ ಪ್ರಯೋಜನವಿಲ್ಲ. ಹಬ್ಬದ ಮರುದಿನ ಬರುವ ಹತ್ತು ನಾಯಿಗಳಲ್ಲಿ ಹೆಚ್ಚಿನವಕ್ಕೆ ಅಷ್ಟೇ ಆಗಿರುತ್ತದೆ. ಆದರೆ ರಾತ್ರಿಯೆಲ್ಲ ಬುಗುರಿ ನಡುಗುತ್ತಿದ್ದಳು. ಒಸಡು ಮುಟ್ಟಿದರೆ ಅಂಟಂಟು, ಮೈಯಲ್ಲಿ ನೀರಿಲ್ಲ ಎಂಬ ಗುರುತು. 24ರ ಬೆಳಗ್ಗೆ ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ಅಲ್ಲಿನ ಡಾಕ್ಟರಮ್ಮ ಹೊಟ್ಟೆ ಮುಟ್ಟಿದ ತಕ್ಷಣ ಬುಗುರಿ ಕಿರುಚಿದಳು. ಎಂಟು ವರ್ಷದಲ್ಲಿ ಒಮ್ಮೆಯೂ ಕೇಳದ ಸದ್ದು ಅದು. ರಕ್ತ ತೆಗೆದರು, ಸ್ಕ್ಯಾನಿಂಗ್ ಮಾಡಿದರು. ಸ್ಕ್ಯಾನಿನಲ್ಲಿ ಪ್ಯಾಂಕ್ರಿಯಾಸ್ ಊದಿತ್ತು, ಸುತ್ತಲಿನ ಕೊಬ್ಬು ಬೆಳ್ಳಗೆ ಹೊಳೆಯುತ್ತಿತ್ತು. ಕೊಬ್ಬು ಅರಗಿಸುವ, ಪ್ಯಾಂಕ್ರಿಯಾಸಿನದೇ ಲೈಪೇಸ್ ಕಿಣ್ವವನ್ನು ಅಳೆಯುವ ಒಂದು ಪರೀಕ್ಷೆ ಇದೆ, ಸಿಪಿಎಲ್ ಎನ್ನುತ್ತಾರೆ. 200ರ ಒಳಗಿದ್ದರೆ ಸರಿ. 400 ದಾಟಿದರೆ ರೋಗದ ಅನುಮಾನ ಗಟ್ಟಿ. ಬುಗುರಿಯದು 780.

ಆಗಿದ್ದೇನು ಎಂದು ಡಾಕ್ಟರಮ್ಮ ಹೇಳಿದ ರೀತಿ ನನಗೆ ಹಿಡಿಸಿತು. ಪ್ಯಾಂಕ್ರಿಯಾಸ್ ಅಂದರೆ ಮೇದೋಜ್ಜೀರಕ ಗ್ರಂಥಿ. ಅದು ಜೀರ್ಣರಸ ತಯಾರಿಸಿ ಕರುಳಿಗೆ ಕಳಿಸುತ್ತದೆ. ಆದರೆ ಆ ರಸಗಳನ್ನು ಬೀಗ ಹಾಕಿಯೇ ಕಳಿಸುತ್ತದೆ, ಕರುಳಿಗೆ ಹೋದ ಮೇಲೆ ಬೀಗ ತೆರೆಯುತ್ತದೆ. ಟ್ರಿಪ್ಸಿನೋಜನ್ ಎಂಬುದು ಅಲ್ಲಿಗೆ ಹೋಗಿ ಟ್ರಿಪ್ಸಿನ್ ಆಗಬೇಕು. ಈ ಕಾಯಿಲೆಯಲ್ಲಿ ಬೀಗ ಗ್ರಂಥಿಯೊಳಗೇ ತೆರೆದುಕೊಂಡುಬಿಡುತ್ತದೆ. ಊಟ ಅರಗಿಸಬೇಕಾದ ರಸ ಗ್ರಂಥಿಯನ್ನೇ ಅರಗಿಸಲು ಶುರು ಮಾಡುತ್ತದೆ.

ನಾಲ್ಕು ದಿನ ಆಸ್ಪತ್ರೆ. ಡ್ರಿಪ್, ವಾಂತಿ ನಿಲ್ಲಲು ಮಾರೋಪಿಟೆಂಟ್, ನೋವಿಗೆ ಗಟ್ಟಿ ಔಷಧಿ. "ಆ್ಯಂಟಿಬಯಾಟಿಕ್ ಬೇಡ್ವಾ?" ಎಂದು ನಾನು ಎರಡು ಸಲ ಕೇಳಿದೆ. ನಾಯಿಗಳಲ್ಲಿ ಇದು ಹೆಚ್ಚಾಗಿ ಸೋಂಕಿನಿಂದ ಬರುವ ಉರಿಯೂತ ಅಲ್ಲ, ಹಾಗಾಗಿ ಸುಮ್ನೆ ಕೊಡುವುದಿಲ್ಲ ಎಂದರು. ಎರಡನೇ ದಿನವೇ ಚಮಚದಷ್ಟು ಊಟ ಶುರು ಮಾಡಿದರು. ಹಿಂದೆ ಮೂರು ನಾಲ್ಕು ದಿನ ಉಪವಾಸ ಕೆಡವುತ್ತಿದ್ದರಂತೆ. ಈಗ ವಾಂತಿ ಹಿಡಿತಕ್ಕೆ ಬಂದ ಕೂಡಲೇ ಸ್ವಲ್ಪ ಸ್ವಲ್ಪ ತಿನ್ನಿಸುತ್ತಾರೆ. ಕರುಳು ಖಾಲಿ ಬಿದ್ದಷ್ಟೂ ಅದರ ಗೋಡೆ ಕೆಡುತ್ತದೆ.

28ಕ್ಕೆ ಮನೆಗೆ ಬಂದಳು. ತೂಕ 11.1.

ಹೊರಡುವಾಗ ಡಾಕ್ಟರಮ್ಮ ಒಂದು ಮಾತು ಹೇಳಿದರು. ಒಬ್ಬಟ್ಟಿನಿಂದಲೇ ಆಯಿತು ಎಂದು ಖಚಿತವಾಗಿ ಹೇಳಕ್ಕಾಗಲ್ಲ. ಬಹಳಷ್ಟು ನಾಯಿಗಳಲ್ಲಿ ಕಾರಣ ಸಿಗುವುದೇ ಇಲ್ಲ. ಬೊಜ್ಜು, ಜಿಡ್ಡಿನ ಊಟ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಜಾಸ್ತಿ ಇರುವುದು, ಥೈರಾಯ್ಡ್ ಕಡಿಮೆ ಇರುವುದು, ಕೆಲವು ಔಷಧಿಗಳು, ಕೆಲವು ತಳಿಗಳ ಗುಣ, ಇವೆಲ್ಲ ದಾರಿ ಮಾಡಿಕೊಡುತ್ತವೆ. "ಒಂದು ಸಲ ಬಂದ ನಾಯಿಗೆ ಇನ್ನೊಂದು ಸಲ ಬರೋದು ಸುಲಭ. ಪದೇ ಪದೇ ಬಂದ್ರೆ ಗ್ರಂಥಿ ಗಾಯದ ಕಲೆ ಥರ ಗಡುಸಾಗುತ್ತೆ. ಆಮೇಲೆ ಸಕ್ಕರೆ ಕಾಯಿಲೆ, ಊಟ ಅರಗದೇ ಇರೋದು, ಎರಡೂ ಬರಬಹುದು. ಔಷಧಿಗಿಂತ ಊಟದ ಮೇಲೆ ಕಣ್ಣಿಡಿ."

ನಾವು ಇಟ್ಟೆವು. ಅಂದರೆ, ಇಟ್ಟಿದ್ದೇವೆ ಎಂದುಕೊಂಡೆವು.

ತಟ್ಟೆಯ ಲೆಕ್ಕ

ಮೊದಲು ಮನೆ ಊಟದ ಪ್ರಯತ್ನ ನಡೆಯಿತು. ಚರ್ಮ ತೆಗೆದ ಕೋಳಿ ಎದೆಮಾಂಸ, ಮೆತ್ತಗೆ ಬೇಯಿಸಿದ ಅನ್ನ. ನಮ್ಮ ಮನೆಯಲ್ಲಿ ಕೋಳಿ ಬೇಯಿಸುವುದು ಎಂದರೆ ಒಂದು ರಾಜಕೀಯ ನಿರ್ಧಾರ. ಅಪ್ಪ ಹಿತ್ತಲಲ್ಲಿ ಒಂದು ಇಂಡಕ್ಷನ್ ಒಲೆ, ಬೇರೆ ಪಾತ್ರೆ, ಬೇರೆ ಸೌಟು ಇಟ್ಟರು. ಬೇಯಿಸಿದವರೂ ಅವರೇ, ಮೂಗಿಗೆ ಟವೆಲ್ ಕಟ್ಟಿಕೊಂಡು. ಮೂರು ವಾರ ನಡೆಯಿತು. ಅಷ್ಟು ದಿನಕ್ಕೆ ತೊಂದರೆಯಿಲ್ಲ, ಆದರೆ ಬರೀ ಕೋಳಿ ಅನ್ನದಲ್ಲಿ ಕ್ಯಾಲ್ಸಿಯಂ ಸಾಲದು, ಹಲವು ವಿಟಮಿನ್ ಇಲ್ಲ. ವರ್ಷಗಟ್ಟಲೆ ಹಾಕುವುದಾದರೆ ಪಶುವೈದ್ಯರಿಂದ ಅಳತೆ ಬರೆಸಿಕೊಂಡು, ಪೂರಕದ ಪುಡಿ ಸೇರಿಸಿಯೇ ಹಾಕಬೇಕು. ನಮ್ಮಿಂದ ಆಗುವ ಕೆಲಸ ಅಲ್ಲ ಎನಿಸಿತು. ಪಶುವೈದ್ಯರು ಬರೆದುಕೊಡುವ ಕಡಿಮೆ ಕೊಬ್ಬಿನ ಪ್ಯಾಕೆಟ್ ಊಟಕ್ಕೆ ಬದಲಾದೆವು.

ಇಲ್ಲಿ ಒಂದು ಲೆಕ್ಕ ಕಲಿತೆ. ಪ್ಯಾಕೆಟ್ಟಿನ ಮೇಲಿನ ಕೊಬ್ಬಿನ ಶೇಕಡಾ ನೋಡಿದರೆ ಸಾಲದು. 1000 ಕ್ಯಾಲೊರಿಗೆ ಎಷ್ಟು ಗ್ರಾಂ ಕೊಬ್ಬು ಎಂದು ನೋಡಬೇಕು. ನಮ್ಮ ಹೊಸ ಪ್ಯಾಕೆಟ್ಟಿನಲ್ಲಿ ಕೊಬ್ಬು ಶೇ 7, ಕೆಜಿಗೆ 3450 ಕ್ಯಾಲೊರಿ. ಒಂದು ಕೆಜಿಯಲ್ಲಿ 70 ಗ್ರಾಂ ಕೊಬ್ಬು, ಅಂದರೆ 1000 ಕ್ಯಾಲೊರಿಗೆ ಸುಮಾರು 20 ಗ್ರಾಂ. ಡಾಕ್ಟರಮ್ಮ ಕೇಳಿದ್ದೂ ಅಷ್ಟೇ. ಮೊದಲು ತಿನ್ನುತ್ತಿದ್ದ ಸಾಧಾರಣ ಊಟದಲ್ಲಿ ಶೇ 15 ಕೊಬ್ಬು, ಕೆಜಿಗೆ 3800 ಕ್ಯಾಲೊರಿ. ಅದು 39 ಗ್ರಾಂ ಆಗುತ್ತದೆ. ಹೆಚ್ಚುಕಡಿಮೆ ಎರಡರಷ್ಟು. ಡಬ್ಬಿ ಊಟದ ಮೇಲೆ 'ಕೊಬ್ಬು ಶೇ 3' ಎಂದು ನೋಡಿ ಖುಷಿಪಡಬೇಡಿ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು ಇರುತ್ತದೆ. ನೀರು ಕಳೆದರೆ ಅದೇ 3 ಹೋಗಿ ಶೇ 13, 14 ಆಗುತ್ತದೆ. ಮುದಿ ನಾಯಿಗೆ, ದಪ್ಪ ನಾಯಿಗೆ ಎಂದು ಮಾರುವ ಊಟವೆಲ್ಲ ಕಡಿಮೆ ಕೊಬ್ಬಿನದೂ ಅಲ್ಲ.

ಎಷ್ಟು ಹಾಕಬೇಕು? ನಾಯಿಯ ತೂಕದಿಂದ ಸುಮ್ಮನೆ ಮಲಗಿದ್ದರೂ ಬೇಕಾಗುವ ಕ್ಯಾಲೊರಿ ಲೆಕ್ಕ ಹಾಕುವ ಸೂತ್ರ ಇದೆ. ತೂಕವನ್ನು 0.75 ಘಾತಕ್ಕೆ ಏರಿಸಿ 70ರಿಂದ ಗುಣಿಸುವುದು. ಬುಗುರಿಗೆ ನಾವು ಈಗಿನ ತೂಕ ಬಿಟ್ಟು ಇರಬೇಕಾದ 9 ಕೆಜಿಯ ಲೆಕ್ಕ ಹಿಡಿದೆವು. 364 ಕ್ಯಾಲೊರಿ ಬಂತು. ಅಂದರೆ ದಿನಕ್ಕೆ 105 ಗ್ರಾಂ ಊಟ. ನಾಲ್ಕು ಹೊತ್ತಿಗೆ ಹಂಚಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಹಾಕುವುದು. ಲೋಟದ ಅಳತೆ ನಂಬಬೇಡಿ. ಅಪ್ಪನ ಒಂದು ಲೋಟ, ನನ್ನ ಒಂದು ಲೋಟ ಬೇರೆ ಬೇರೆ. ನಾನೇ ತೂಗಿ ನೋಡಿದೆ, 18 ಗ್ರಾಂ ವ್ಯತ್ಯಾಸ ಇತ್ತು.

364 ಕ್ಯಾಲೊರಿ ಊಟದಲ್ಲಿ ಕೊಬ್ಬು ಎಷ್ಟು? ಏಳೂಕಾಲು ಗ್ರಾಂ. ಇಡೀ ದಿನಕ್ಕೆ ಅಷ್ಟೇ. ಈ ಅಂಕಿಯನ್ನು ಅವತ್ತೇ ಫ್ರಿಜ್ ಮೇಲೆ ಬರೆದು ಅಂಟಿಸಿದ್ದರೆ ಮುಂದಿನದು ತಪ್ಪುತ್ತಿತ್ತೇನೋ.

ಅಧಿಕ ಮಾಸದಲ್ಲಿ ಬಂದದ್ದು

ಏಪ್ರಿಲ್ ಚೆನ್ನಾಗಿ ಕಳೆಯಿತು. ಸಿಪಿಎಲ್ 310ಕ್ಕೆ ಇಳಿಯಿತು. ಮೇ ತಿಂಗಳಲ್ಲಿ ಹನ್ನೆರಡು ಗಂಟೆ ಉಪವಾಸ ಇಟ್ಟು ಟ್ರೈಗ್ಲಿಸರೈಡ್ ನೋಡಿದರು. ಉಪವಾಸ ಇಲ್ಲದೆ ತೆಗೆದ ರಕ್ತಕ್ಕೆ ಇಲ್ಲಿ ಅರ್ಥವಿಲ್ಲ, ತಿಂದ ಊಟದ ಕೊಬ್ಬೇ ರಕ್ತದಲ್ಲಿ ಓಡಾಡುತ್ತಿರುತ್ತದೆ. 410 ಬಂತು. 150ರ ಆಸುಪಾಸು ಇರಬೇಕಾದದ್ದು. "500 ದಾಟಿಲ್ಲ, ಔಷಧಿ ಬೇಡ. ಆದ್ರೆ ಇಷ್ಟು ಕಡಿಮೆ ಕೊಬ್ಬಿನ ಊಟ ತಿಂತಾ ಇದಾಳಲ್ಲ, ಇನ್ನೂ ಇಳೀಬೇಕಿತ್ತು" ಎಂದರು ಡಾಕ್ಟರಮ್ಮ. ಥೈರಾಯ್ಡ್ ನೋಡಿದರು, ಸರಿಯಿತ್ತು. ತೂಕ ಇಳಿದರೆ ಇದೂ ಇಳಿಯಬಹುದು ಎಂದು ಬಿಟ್ಟೆವು.

ತೂಕ ಇಳಿಯಲಿಲ್ಲ. ಜೂನ್ ಕೊನೆಗೆ 11.3. ಆಸ್ಪತ್ರೆಯಿಂದ ಬಂದಾಗ ಇದ್ದದ್ದಕ್ಕಿಂತ ಇನ್ನೂರು ಗ್ರಾಂ ಜಾಸ್ತಿ! 364 ಕ್ಯಾಲೊರಿ ತಿನ್ನುವ ಹನ್ನೊಂದು ಕೆಜಿ ನಾಯಿ ದಪ್ಪವಾಗುವುದು ಹೇಗೆ? ಈಗ ಯೋಚಿಸಿದರೆ ಉತ್ತರ ಆ ಎರಡು ಅಂಕಿಗಳಲ್ಲೇ ಇತ್ತು. ನಾನು ಮಾತ್ರ 'ವಯಸ್ಸಾಯ್ತು, ಓಡಾಟ ಕಡಿಮೆ' ಎಂದು ಸಮಾಧಾನ ಮಾಡಿಕೊಂಡೆ.

ಜುಲೈ 29ರ ಬೆಳಗ್ಗೆ ಮತ್ತೆ ಹಳದಿ ನೊರೆ. ಮತ್ತೆ ಅದೇ ಅಡ್ಡಬೀಳುವ ಭಂಗಿ. ಈ ಸಲ ಎರಡನೇ ವಾಂತಿಗೇ ಹೊರಟೆವು. ಸಿಪಿಎಲ್ 520. ಬೇಗ ಹೋಗಿದ್ದರಿಂದ ಸೇರಿಸಬೇಕಾಗಲಿಲ್ಲ, ಎರಡು ದಿನ ಹಗಲು ಡ್ರಿಪ್ ಹಾಕಿಸಿಕೊಂಡು ಬಂದೆವು.

ಆದರೆ ಬಂದದ್ದು ಯಾಕೆ? ಜುಲೈ 18ಕ್ಕೆ ಅಧಿಕ ಮಾಸ ಹಿಡಿದಿತ್ತು. ನಮ್ಮ ಮನೆಯಲ್ಲಿ ಆಗ ಹಬ್ಬವಿಲ್ಲ, ನೆಂಟರಿಲ್ಲ, ಒಬ್ಬಟ್ಟಿಲ್ಲ. ತುಪ್ಪದ ಡಬ್ಬ ಅಮ್ಮ ಅವಳ ಎದುರು ತೆರೆಯುತ್ತಲೂ ಇರಲಿಲ್ಲ.

ಡಾಕ್ಟರಮ್ಮ ಡ್ರಿಪ್ ಹಾಕುತ್ತಾ ಕೇಳಿದರು. "ದಿನಕ್ಕೆ ಏನೇನು ತಿಂತಾಳೆ, ಪೂರ್ತಿ ಹೇಳಿ."

"ನೀವು ಬರೆದುಕೊಟ್ಟ ಊಟ ಬಿಟ್ಟು ಏನೂ ಇಲ್ಲ ಮೇಡಂ" ಎಂದೆ. ತುಂಬಾ ಧೈರ್ಯದಿಂದಲೇ ಹೇಳಿದೆ.

ಹಿಂದಿನ ಬೆಂಚಿನಿಂದ ಅಮ್ಮ ಮೆಲ್ಲಗೆ ಅಂದರು. "ಕಾಯಿ ತುರಿಯುವಾಗ ಬಂದು ಕೂತ್ಕೋತಾಳೆ. ಒಂದು ಚೂರು ಕೊಡ್ತೀನಿ. ಅದೇನು ಊಟವಾ?"

"ಎಷ್ಟು ದೊಡ್ಡ ಚೂರು ಅಮ್ಮ?"

ಅಮ್ಮ ಎರಡು ಬೆರಳಲ್ಲಿ ತೋರಿಸಿದರು. "ಕೊಬ್ಬು ಅಂದ್ರೆ ತುಪ್ಪ, ಎಣ್ಣೆ ಅಂದ್ಕೊಂಡಿದ್ದೆ ನಾನು. ಕಾಯಿ ತರಕಾರಿ ಥರ ಅಲ್ವಾ?"

ಡಾಕ್ಟರಮ್ಮ ನಕ್ಕರು. "ಒಣಗಿದ್ರೆ ಏನಂತೀರಿ ಅದನ್ನ? ಕೊಬ್ಬರಿ. ಹೆಸರಲ್ಲೇ ಇಟ್ಕೊಂಡಿದೆಯಲ್ಲಮ್ಮ."

ಐದು ಕೈಗಳು

ಮನೆಗೆ ಬಂದು ಒಂದು ವಾರ ಯಾರನ್ನೂ ತಡೆಯದೆ, ಬೈಯದೆ, ಬರೀ ಬರೆಯುವುದು ಎಂದು ತೀರ್ಮಾನಿಸಿದೆವು. ಬುಗುರಿಗೆ ಏನೂ ಕೊಡುವ ಹಾಗಿಲ್ಲ. ಆದರೆ ಮೊದಲು ಏನು ಕೊಡುತ್ತಿದ್ದೆವೋ ಅದನ್ನು ಒಂದು ಡಬ್ಬಿಗೆ ಹಾಕಬೇಕು. ರಾತ್ರಿ ನಾನು ಡಬ್ಬಿ ತೂಗುತ್ತೇನೆ. ಯಾರು ಹಾಕಿದರು ಎಂದು ಕೇಳುವುದಿಲ್ಲ. ಈ ಡಬ್ಬಿಯ ಉಪಾಯ ಅಪ್ಪನದು. ಇಡೀ ವರ್ಷದಲ್ಲಿ ಯಾವ ಔಷಧಿಗಿಂತಲೂ ಜಾಸ್ತಿ ಕೆಲಸ ಮಾಡಿದ್ದು ಇದೇ.

ಮೊದಲ ರಾತ್ರಿ ಡಬ್ಬಿ ತೆರೆದಾಗ ನನಗೆ ನಾಚಿಕೆಯಾಯಿತು. ಯಾಕೆಂದರೆ ಅದರಲ್ಲಿ ನನ್ನದೂ ಇತ್ತು.

ಅಮ್ಮನ ಕಾಯಿ ಚೂರು 20 ಗ್ರಾಂ. ಹಸಿ ಕಾಯಿಯಲ್ಲಿ ಮೂರನೇ ಒಂದು ಪಾಲು ಕೊಬ್ಬು. ಅಂದರೆ ಆರೂವರೆ ಗ್ರಾಂ ಕೊಬ್ಬು, 70 ಕ್ಯಾಲೊರಿ. ಇಡೀ ದಿನಕ್ಕೆ ಏಳೂಕಾಲು ಗ್ರಾಂ ಎಂದಿದ್ದೆನಲ್ಲ, ಈ ಒಂದು ಚೂರೇ ಹೆಚ್ಚುಕಡಿಮೆ ಇನ್ನೊಂದು ದಿನದ ಕೊಬ್ಬು. ಅಪ್ಪ ಬೆಳಗಿನ ಕಾಫಿ ಜೊತೆ ಕೊಡುತ್ತಿದ್ದದ್ದು ಎರಡು ಮಾರಿ ಬಿಸ್ಕತ್ತು. ಅದು ಒಂದೂಕಾಲು ಗ್ರಾಂ ಕೊಬ್ಬು, 50 ಕ್ಯಾಲೊರಿ. ಮನೆಕೆಲಸಕ್ಕೆ ಬರುವ ಅಕ್ಕ ತಮ್ಮ ತಿಂಡಿಯ ಎಣ್ಣೆ ಚಪಾತಿಯಲ್ಲಿ ಅರ್ಧ ಮುರಿದು ಹಾಕುತ್ತಿದ್ದರು. ಎರಡು ಗ್ರಾಂ, 60 ಕ್ಯಾಲೊರಿ. ಸಂಜೆ ಪಕ್ಕದ ಮನೆಯ ಆಂಟಿ ಕಾಂಪೌಂಡ್ ಮೇಲಿಂದ ಹತ್ತು ಕಡಲೆಬೀಜ. ಎರಡೂವರೆ ಗ್ರಾಂ, 30 ಕ್ಯಾಲೊರಿ.

ನನ್ನದು ಚೀಸ್. ಅವಳಿಗೆ ಕೀಲಿಗೆ ಒಂದು ಮಾತ್ರೆ ಇತ್ತು, ಅದನ್ನು ಅರ್ಧ ಚೀಸ್ ಕ್ಯೂಬಿನಲ್ಲಿ ಅಡಗಿಸಿ ಕೊಡುತ್ತಿದ್ದೆ. ಮೂರು ಗ್ರಾಂ ಕೊಬ್ಬು, 40 ಕ್ಯಾಲೊರಿ. ಡಾಕ್ಟರಮ್ಮನ ಎದುರು 'ಏನೂ ಇಲ್ಲ ಮೇಡಂ' ಎಂದವನು ನಾನೇ. ಅದು ಸುಳ್ಳು ಹೇಳಿದ್ದಲ್ಲ. ಔಷಧಿ ಕೊಡುತ್ತಿದ್ದೇನೆ ಎಂದು ನನ್ನ ತಲೆ ಅದನ್ನು ತಿಂಡಿಯ ಲೆಕ್ಕಕ್ಕೇ ಹಾಕಿರಲಿಲ್ಲ. ಅಮ್ಮನಿಗೆ ಕಾಯಿ ಹೇಗೋ ನನಗೆ ಚೀಸ್ ಹಾಗೆ.

ಎಲ್ಲ ಕೂಡಿಸಿದರೆ 15 ಗ್ರಾಂ ಕೊಬ್ಬು, 250 ಕ್ಯಾಲೊರಿ. ತಟ್ಟೆಯ ಊಟ ಸೇರಿದರೆ ದಿನಕ್ಕೆ 614 ಕ್ಯಾಲೊರಿ, 22 ಗ್ರಾಂಗಿಂತ ಜಾಸ್ತಿ ಕೊಬ್ಬು. ಈಗ ಅದೇ ಹಳೇ ಲೆಕ್ಕ ಹಾಕಿ ನೋಡಿ. 1000 ಕ್ಯಾಲೊರಿಗೆ 37 ಗ್ರಾಂ. ಕಾಯಿಲೆ ಬರುವ ಮೊದಲು ತಿನ್ನುತ್ತಿದ್ದ ಸಾಧಾರಣ ಊಟದಲ್ಲಿ ಇದ್ದದ್ದು 39. ನಾಲ್ಕು ತಿಂಗಳು ದುಬಾರಿ ಪ್ಯಾಕೆಟ್ ತಂದು, ತಕ್ಕಡಿಯಲ್ಲಿ ತೂಗಿ, ಕಡೆಗೆ ಹಳೇ ಊಟವನ್ನೇ ತಿನ್ನಿಸಿದ ಹಾಗಾಯಿತು. ತೂಕ ಯಾಕೆ ಇಳಿಯಲಿಲ್ಲ, ಟ್ರೈಗ್ಲಿಸರೈಡ್ ಯಾಕೆ ನಿಂತಲ್ಲೇ ನಿಂತಿತು ಎನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಲಿಲ್ಲ.

ಜುಲೈನ ಕಾಯಿಲೆಗೂ ಇದೇ ಕಾರಣ ಎಂದು ನಾನು ಪ್ರಮಾಣ ಮಾಡಲಾರೆ. ಡಾಕ್ಟರಮ್ಮನೂ ಮಾಡಲಿಲ್ಲ. ಇಷ್ಟು ತಿಂದೂ ಏನೂ ಆಗದ ನಾಯಿಗಳು ಬೀದಿಗೆ ಹತ್ತಿವೆ. ಆದರೆ ಒಮ್ಮೆ ಪೆಟ್ಟು ತಿಂದ ಗ್ರಂಥಿಗೆ ಇದನ್ನು ಹೊರಿಸಿ ಪರೀಕ್ಷೆ ಮಾಡುವ ಆಸೆ ನಮಗಿರಲಿಲ್ಲ.

ಅಮ್ಮ ಮಾತ್ರ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. "ನನ್ನ ಕೈಯಿಂದಲೇ ಆಯ್ತಲ್ಲ" ಎಂದು ಒಮ್ಮೆ ಅಂದರು. ಇದನ್ನು ಯಾವ ಡಾಕ್ಟರ ಚೀಟಿಯಲ್ಲೂ ಬರೆಯುವುದಿಲ್ಲ. ಎದುರಿಗೆ ಬಂದು ಕೂತ ಬಾಯಿಗೆ ಏನೂ ಕೊಡದೆ ತಿನ್ನುವುದು, ಅಡುಗೆ ಮಾಡುವುದು, ಅಮ್ಮನ ತಲೆಮಾರಿಗೆ ಪಾಪದ ಕೆಲಸ. 'ಕೊಡಬೇಡ' ಎಂಬ ನಿಯಮ ಅವರ ಕೈಯಲ್ಲಿ ಒಂದು ವಾರವೂ ನಿಲ್ಲುವುದಿಲ್ಲ. 'ಇದನ್ನು ಕೊಡು' ಎಂದರೆ ನಿಲ್ಲುತ್ತದೆ. ಹಾಗಾಗಿ ಐದು ಕೈಗಳಿಗೂ ಬೇರೆ ಏನಾದರೂ ಹುಡುಕಿದೆವು. ಅಮ್ಮನಿಗೆ ಸೌತೆಕಾಯಿ ಬಿಲ್ಲೆ. ಅಪ್ಪನಿಗೆ ಬುಗುರಿಯ ದಿನದ 105 ಗ್ರಾಮಿನಿಂದಲೇ ಹತ್ತು ಕಾಳು ತೆಗೆದು ಬಿಸ್ಕತ್ತಿನ ಡಬ್ಬಿಯಲ್ಲಿ. ಅಕ್ಕನಿಗೆ ಬೇಯಿಸಿದ ಬೀನ್ಸ್. ಆಂಟಿಗೆ ಕ್ಯಾರೆಟ್ ಹೋಳು, ನಾನೇ ಕೊಟ್ಟುಬರುತ್ತಿದ್ದೆ. ಮೊದಲು ಅವರಿಗೆ ಸ್ವಲ್ಪ ಬೇಜಾರಾಯಿತು, ಕಾಯಿಲೆ ಹೆಸರು ಹೇಳಿದ ಮೇಲೆ ಅವರೇ ಕ್ಯಾರೆಟ್ ಹೆಚ್ಚಿ ಇಡಲು ಶುರು ಮಾಡಿದರು. ನನ್ನ ಮಾತ್ರೆಗೆ ಉಪ್ಪು ಹಾಕದೆ ಬೇಯಿಸಿದ ಸಿಹಿಗುಂಬಳ. ಚೀಸಿಗಿಂತ ಚೆನ್ನಾಗಿ ಅಂಟುತ್ತದೆ.

ಫ್ರಿಜ್ ಮೇಲೆ ಒಂದು ಬಿಳಿ ಬೋರ್ಡ್ ಬಂತು. ಯಾರು ಏನು ಕೊಟ್ಟರೂ ಬರೆಯಬೇಕು. ನೆಲಕ್ಕೆ ಬಿದ್ದು ಅವಳು ತಿಂದದ್ದನ್ನೂ ಬರೆಯಬೇಕು.

ಸೆಪ್ಟೆಂಬರ್ ಮಧ್ಯಕ್ಕೆ ತೂಕ 10.7, ಟ್ರೈಗ್ಲಿಸರೈಡ್ 190.

ಡಿಸೆಂಬರಿನ ಸುಳ್ಳು ಗಾಬರಿ

ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಬುಗುರಿ ಬೆನ್ನು ಗೂನು ಮಾಡಿಕೊಂಡು ನಿಂತಿದ್ದಳು. ನಡುಗುತ್ತಿದ್ದಳು. ಊಟ ಮೂಸಿ ಬಿಟ್ಟಳು. ಎತ್ತಿಕೊಳ್ಳಲು ಹೋದರೆ ಕಿರುಚಿದಳು. ನಮಗೆ ಅನುಮಾನವೇ ಇರಲಿಲ್ಲ, ಮೂರನೇ ಸಲ ಬಂತು ಎಂದೇ ಆಸ್ಪತ್ರೆಗೆ ಓಡಿದೆವು. ಬೋರ್ಡಿನ ಫೋಟೋ ತೋರಿಸಿದೆ, ವಾರದಲ್ಲಿ ತಪ್ಪು ಏನೂ ಇರಲಿಲ್ಲ. ವಾಂತಿಯೂ ಇರಲಿಲ್ಲ. ಡಾಕ್ಟರಮ್ಮ ಹೊಟ್ಟೆ ಒತ್ತಿದರು, ಸುಮ್ಮನಿದ್ದಳು. ಬೆನ್ನುಮೂಳೆಯ ಮೇಲೆ ಬೆರಳು ಇಟ್ಟುಕೊಂಡು ಬಂದರು. ಮಧ್ಯಕ್ಕೆ ಬಂದಾಗ ಚೀರಿದಳು. ಸಿಪಿಎಲ್ 180.

ಡ್ಯಾಶ್‌ಹಂಡ್ ಸಾಕಿದವರು ಇದನ್ನು ತಿಳಿದಿರಬೇಕು. ಈ ತಳಿಗೆ ಬೆನ್ನಿನ ಡಿಸ್ಕ್ ಜಾರುವ ಕಾಯಿಲೆ ಬಹಳ. ಬೆನ್ನುನೋವಿನ ಗೂನು, ಹೊಟ್ಟೆನೋವಿನ ಗೂನು ನೋಡಲು ಒಂದೇ ಥರ. ಹಿಂದಿನ ಕಾಯಿಲೆ ತಲೆಯಲ್ಲಿ ತುಂಬಿಕೊಂಡಿದ್ದರೆ ಎಲ್ಲದರಲ್ಲೂ ಅದೇ ಕಾಣುತ್ತದೆ. ಹಿಂಗಾಲು ಎಳೆಯುವುದು, ಮೂತ್ರ ಹಿಡಿತ ತಪ್ಪುವುದು ಇರಲಿಲ್ಲ. ಇದ್ದಿದ್ದರೆ ಅದು ಅವತ್ತೇ ಓಡಬೇಕಾದ ತುರ್ತು. ನಾಲ್ಕು ವಾರ ಸಣ್ಣ ಜಾಗದಲ್ಲಿ ಕಟ್ಟುನಿಟ್ಟು ವಿಶ್ರಾಂತಿ ಹೇಳಿದರು. ನೋವಿಗೆ ಗ್ಯಾಬಪೆಂಟಿನ್ ಕೊಟ್ಟರು. ಹಳೇ ಕಾಯಿಲೆ ನೋಡಿ ಸ್ಟೀರಾಯ್ಡ್ ದೂರ ಇಟ್ಟರು. ಅಂದಿನಿಂದ ಅವಳ ಫೈಲಿನ ಮೊದಲ ಪುಟದಲ್ಲಿ ಕೆಂಪು ಪೆನ್ನಿನಲ್ಲಿ 'ಪ್ಯಾಂಕ್ರಿಯಾಟೈಟಿಸ್, 2023 ಮಾರ್ಚ್, ಜುಲೈ' ಎಂದು ಬರೆದಿಟ್ಟಿದ್ದೇನೆ. ಬೇರೆ ಡಾಕ್ಟರ ಹತ್ತಿರ ಹೋದರೂ ಮೊದಲು ಕಾಣಬೇಕು. ಫಿಟ್ಸಿಗೆ ಕೊಡುವ ಪೊಟ್ಯಾಸಿಯಂ ಬ್ರೋಮೈಡ್, ಫಿನೋಬಾರ್ಬಿಟಲ್, ರೋಗನಿರೋಧಕ ಶಕ್ತಿ ತಗ್ಗಿಸುವ ಅಜಾಥಯೊಪ್ರಿನ್ ಇಂಥವಕ್ಕೂ ಈ ಕಾಯಿಲೆಗೂ ನಂಟಿದೆ. ಮನುಷ್ಯರ ನೋವಿನ ಮಾತ್ರೆಯಂತೂ ಯಾವ ಕಾರಣಕ್ಕೂ ಬೇಡ. ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಕೆಡಿಸುತ್ತವೆ.

ವಿಶ್ರಾಂತಿಯ ನಾಲ್ಕು ವಾರ ಊಟ 95 ಗ್ರಾಮಿಗೆ ಇಳಿಸಿದೆವು. ತೂಕ 10ಕ್ಕೆ ಬಂತು. ಬೆನ್ನಿಗೂ ಅದೇ ಬೇಕಿತ್ತು.

ಈಗ ನೋಡಿಕೊಳ್ಳುವುದು

ತಿಂಗಳ ಒಂದನೇ ತಾರೀಕು ತೂಕ. ಅವಳನ್ನು ಎತ್ತಿಕೊಂಡು ಮನೆಯ ತಕ್ಕಡಿ ಮೇಲೆ ನಿಂತು, ನನ್ನ ತೂಕ ಕಳೆಯುತ್ತೇನೆ. ಏರಿದರೆ ಯಾವುದೋ ಕೈ ಜಾರಿದೆ ಎಂದರ್ಥ. ಹೇಳದೆ ಕೇಳದೆ ಬೇಗ ಬೇಗ ಇಳಿದರೂ ಚಿಂತೆ. ಗ್ರಂಥಿ ತೀರಾ ಹಾಳಾದರೆ ಜೀರ್ಣರಸವೇ ಸಾಲದಾಗುತ್ತದೆ. ನಾಯಿ ಬಕಾಸುರನ ಹಾಗೆ ತಿಂದೂ ಸೊರಗುತ್ತದೆ. ಮಲ ಬೂದು ಹಳದಿ, ಜಿಡ್ಡು ಜಿಡ್ಡಾಗಿ, ರಾಶಿ ರಾಶಿ ಬರುತ್ತದೆ. ಅದಕ್ಕೆ ಟಿಎಲ್‌ಐ ಎಂಬ ರಕ್ತಪರೀಕ್ಷೆ ಇದೆ. ಊಟದ ಜೊತೆ ಕಿಣ್ವದ ಪುಡಿ ಕೊಟ್ಟರೆ ಚೆನ್ನಾಗಿ ಬದುಕುತ್ತವೆ, ಎಷ್ಟೋ ನಾಯಿಗಳಿಗೆ ಬಿ12 ಇಂಜೆಕ್ಷನ್ನೂ ಬೇಕಾಗುತ್ತದೆ. ಬುಗುರಿಗೆ ಇದುವರೆಗೆ ಅದರ ಸುಳಿವಿಲ್ಲ.

ನೀರಿನ ಮೇಲೂ ಕಣ್ಣಿದೆ. ಇನ್ಸುಲಿನ್ ತಯಾರಿಸುವುದೂ ಇದೇ ಗ್ರಂಥಿ ತಾನೆ. ವಾರಕ್ಕೊಂದು ದಿನ ಅಳೆದು ನೀರು ಇಡುತ್ತೇನೆ. ಕೆಜಿಗೆ 100 ಎಂಎಲ್ ದಾಟಿದರೆ, ಅಂದರೆ ಬುಗುರಿ ದಿನಕ್ಕೆ ಲೀಟರಿನ ಹತ್ತಿರ ಕುಡಿದರೆ, ಸಕ್ಕರೆ ನೋಡಿಸಬೇಕು. ಅವಳು ಸಾಮಾನ್ಯವಾಗಿ 400 ದಾಟುವುದಿಲ್ಲ. ಆರು ತಿಂಗಳಿಗೊಮ್ಮೆ ಉಪವಾಸದ ರಕ್ತ. ಸಿಪಿಎಲ್ ಮಾತ್ರ ಲಕ್ಷಣ ಇದ್ದರೆ ಮಾತ್ರ. ನನಗೆ ಪ್ರತಿ ತಿಂಗಳು ಮಾಡಿಸುವ ಹುಚ್ಚಿತ್ತು. ಡಾಕ್ಟರಮ್ಮ ಬಿಡಿಸಿದರು.

ಬೇಗ ಗೊತ್ತಾಗುವ ಗುರುತುಗಳನ್ನೂ ಕಲಿತಿದ್ದೇವೆ. ಬುಗುರಿಯದು ತುಟಿ ನೆಕ್ಕುವುದು. ಎರಡೂ ಸಲ ವಾಂತಿಗೆ ಅರ್ಧ ದಿನ ಮೊದಲೇ ತುಟಿ ನೆಕ್ಕುತ್ತಾ, ಜೊಲ್ಲು ನುಂಗುತ್ತಾ ತಣ್ಣನೆ ನೆಲ ಹುಡುಕಿ ಮಲಗಿದ್ದಳು ಎಂದು ಆಮೇಲೆ ಹೊಳೆಯಿತು. ನಮ್ಮ ಒಪ್ಪಂದ ಸರಳ. ಒಂದು ಊಟ ಬಿಟ್ಟರೆ ಫೋನ್. ಎರಡು ವಾಂತಿಯಾದರೆ ಆಟೋ.

2024ರ ಯುಗಾದಿ ಏಪ್ರಿಲ್ 9ಕ್ಕೆ ಬಂತು. ನೆಂಟರು ಬರುವ ಮೊದಲೇ ಬುಗುರಿಯ ಕೊರಳಪಟ್ಟಿಗೆ ಅಪ್ಪ ಒಂದು ಚೀಟಿ ಕಟ್ಟಿದರು. 'ನನಗೆ ಒಬ್ಬಟ್ಟು ಕೊಟ್ಟವರು ಆಸ್ಪತ್ರೆ ಬಿಲ್ ಕಟ್ಟತಕ್ಕದ್ದು.' ಊಟದ ಹೊತ್ತಿಗೆ ಮಹಡಿ ರೂಮಿನಲ್ಲಿ ಬಿಟ್ಟು ಬಾಗಿಲು ಹಾಕಿದೆವು. ಒಂದು ಗಂಟೆ ಗೊಣಗಿದಳು. ಆ ತಿಂಗಳ ರಕ್ತಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ 140. ತೂಕ 9.4. ಕೈ ಆಡಿಸಿದರೆ ಪಕ್ಕೆಲುಬು ಎಣಿಸಬಹುದು. ನೋಡಿದವರೆಲ್ಲ "ಯಾಕೆ ಇಷ್ಟು ಸೊರಗಿದಾಳೆ, ಏನೂ ಹಾಕಲ್ವಾ?" ಎಂದು ಕೇಳುತ್ತಾರೆ.

ತುರಿಮಣೆ ಸದ್ದಾದರೆ ಈಗಲೂ ಬಂದು ಹೊಸ್ತಿಲಲ್ಲಿ ಕೂರುತ್ತಾಳೆ. ಅಮ್ಮ ಕೂರುವ ಮೊದಲೇ ಸೌತೆಕಾಯಿ ಬಿಲ್ಲೆ ಪಕ್ಕದಲ್ಲಿ ಇಟ್ಟುಕೊಂಡಿರುತ್ತಾರೆ. ಬುಗುರಿ ಅದನ್ನು ತಿನ್ನುತ್ತಾಳೆ, ಕಣ್ಣು ಮಾತ್ರ ತಟ್ಟೆಯ ಅಂಚಿನ ಮೇಲೆ. ಮೊನ್ನೆ ಸಂಜೆ ಆಫೀಸಿನಿಂದ ಬಂದು ಬೋರ್ಡ್ ನೋಡಿದೆ. ಅಮ್ಮನ ಅಕ್ಷರ: 'ಸೌತೆ 5 ಬಿಲ್ಲೆ. ಕಾಯಿತುರಿ 1 ಚಿಟಿಕೆ, ನಾನು ಕೊಟ್ಟಿದ್ದಲ್ಲ, ಕದ್ದದ್ದು.'